ಹಂಡೆ ತೊಳೆಯುವ ದಿನವೇ ಗೀಸರನ್ನೂ ನೋಡಿ: ಸಂಡೂರಿನ ಚಳಿಗಾಲಕ್ಕೆ ಮನೆಯ ನಲ್ಲಿ, ಪೈಪುಗಳ ತಯಾರಿ

ಡಿಸೆಂಬರ್ ಬಂತೆಂದರೆ ಸಂಡೂರಿನಲ್ಲಿ ಪ್ಲಂಬರ್ ಸಿಗುವುದು ಕಷ್ಟ. ಒಬ್ಬರ ಮನೆಯಲ್ಲಿ ಗೀಸರ್ ಹಾಕಿದ ಕೂಡಲೇ ಎಂಸಿಬಿ ಬೀಳುತ್ತದೆ. ಇನ್ನೊಬ್ಬರಿಗೆ ತಣ್ಣೀರು ಜೋರಾಗಿ ಬರುತ್ತದೆ, ಬಿಸಿನೀರು ಮಾತ್ರ ದಾರದಂತೆ ಇಳಿಯುತ್ತದೆ. ಮತ್ತೊಂದು ಮನೆಯ ಮಾಳಿಗೆಯ ಮೇಲೆ ಸೋಲಾರ್ ಟ್ಯೂಬ್ ಮಟಮಟ ಮಧ್ಯಾಹ್ನ ಪಟ್ಟೆಂದು ಒಡೆದಿರುತ್ತದೆ. ಬಚ್ಚಲ ನೀರು ಮೋರಿಗೆ ಇಳಿಯದೆ ಪಾದ ಮುಳುಗುವಷ್ಟು ನಿಲ್ಲುತ್ತದೆ. ಇವೆಲ್ಲ ಒಂದೇ ತಿಂಗಳಲ್ಲಿ ಸಾಲುಗಟ್ಟಿ ಬರುವುದಕ್ಕೆ ಕಾರಣಗಳಿವೆ. ಅವು ತಿಳಿದಿದ್ದರೆ ಬಹುಪಾಲು ತೊಂದರೆಯನ್ನು ದೀಪಾವಳಿಯ ಹೊತ್ತಿಗೇ ತಡೆಯಬಹುದು.

ಚಳಿಗಾಲದ ಪೈಪುಗಳ ಬಗ್ಗೆ ಮೊಬೈಲಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ಊರುಗಳವು. ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರಿನ ಗಾತ್ರ ಸುಮಾರು ಶೇ. 9ರಷ್ಟು ಹೆಚ್ಚಿ ಪೈಪು ಸೀಳುತ್ತದೆ. ಅದಕ್ಕಾಗಿ ರಾತ್ರಿಯಿಡೀ ನಲ್ಲಿಯನ್ನು ಹನಿಯಲು ಬಿಡಿ ಎನ್ನುತ್ತಾರೆ. ನಮ್ಮಲ್ಲಿ ಡಿಸೆಂಬರ್ ಮುಂಜಾವಿನ ಚಳಿ 15 ಡಿಗ್ರಿಯ ಆಸುಪಾಸಿನದು. ಇಲ್ಲಿ ಪೈಪು ಹೆಪ್ಪುಗಟ್ಟುವುದಿಲ್ಲ, ನಲ್ಲಿಯನ್ನು ಹನಿಯಲು ಬಿಟ್ಟರೆ ನೀರು ಹಾಳು, ಅಷ್ಟೆ. ಅಮೆರಿಕ, ಕೆನಡಾದಲ್ಲಿರುವ ಮಕ್ಕಳ ಮನೆಗೆ ಚಳಿಗಾಲದಲ್ಲಿ ಹೋಗುವವರು ಅಲ್ಲಿಯ ಪದ್ಧತಿಯನ್ನು ಅಲ್ಲೇ ಪಾಲಿಸಲಿ. ಸಂಡೂರು, ಹೊಸಪೇಟೆ, ಕಂಪ್ಲಿಯ ಮನೆಗಳ ತೊಂದರೆ ಹುಟ್ಟುವುದು ಬೇರೆ ಮೂರು ಕಡೆಯಿಂದ: ನೀರು ಕಾದಾಗ ಕಟ್ಟುವ ಸುಣ್ಣ, ಕೆಂಪು ಧೂಳು ಮತ್ತು ಪೈಪಿನ ಹಿಗ್ಗು–ಕುಗ್ಗು.

ನೀರನ್ನು ದೂರದಿಂದ ತಂದು ಹಂಚುವ ಜಾಣ್ಮೆ ಈ ಸೀಮೆಗೆ ಹೊಸದಲ್ಲ. ಹಂಪಿಯ ರಾಜಾಂಗಣದಲ್ಲಿ ಕಲ್ಲಿನ ಕಾಲುವೆಗಳು ಕಂಬಗಳ ಮೇಲೇರಿ ಮೆಟ್ಟಿಲು ಪುಷ್ಕರಣಿಯವರೆಗೆ ಹೋಗಿರುವುದನ್ನು ಇಂದಿಗೂ ನೋಡಬಹುದು. ಅಲ್ಲಿ ಸುಟ್ಟ ಮಣ್ಣಿನ ಕೊಳವೆಗಳೂ ಸಿಕ್ಕಿವೆ. ತೆರೆದ ಕಾಲುವೆಯಲ್ಲಿ ಹೂಳು ಕಟ್ಟಿದರೆ ಕಣ್ಣಿಗೆ ಕಾಣುತ್ತದೆ, ಕೈ ಹಾಕಿ ತೆಗೆಯಬಹುದು. ನಮ್ಮ ಮನೆಗಳ ಪೈಪು ಗೋಡೆಯೊಳಗೆ ಹುದುಗಿದೆ. ಒಳಗೆ ಏನು ಕಟ್ಟಿಕೊಂಡಿದೆ ಎಂಬುದು ನೀರು ನಿಂತ ಮೇಲಷ್ಟೇ ಗೊತ್ತಾಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ನಾವೇ ಹುಡುಕಿಕೊಂಡು ಹೋಗಿ ನೋಡಬೇಕು.

ಅದಕ್ಕೆ ನೀರು ತುಂಬುವ ಹಬ್ಬಕ್ಕಿಂತ ಒಳ್ಳೆಯ ದಿನವಿಲ್ಲ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ, ಬಚ್ಚಲು ತೊಳೆದು, ಹೊಸ ನೀರು ತುಂಬಿ ಪೂಜಿಸುವ ರೂಢಿ ನಮ್ಮಲ್ಲಿ ಇದೆಯಲ್ಲ, ಆ ಹಬ್ಬದ ಹಿಂದುಮುಂದಿನ ಒಂದು ಭಾನುವಾರವನ್ನು ಈ ಕೆಲಸಕ್ಕೆ ತೆಗೆದಿಡಿ. ಆಗ ಮಳೆ ನಿಂತಿರುತ್ತದೆ, ಗೀಸರಿನ ಕಾಲ ಇನ್ನೂ ಶುರುವಾಗಿರುವುದಿಲ್ಲ, ಪ್ಲಂಬರೂ ಸಿಗುತ್ತಾರೆ.

ಕಾರಣ ಮೊದಲು

ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ತಣ್ಣಗಿರುವಾಗ ಅವು ಕಣ್ಣಿಗೆ ಕಾಣುವುದಿಲ್ಲ. ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಬಿಸಿ ಇರುವ ಕಡೆಯೇ ಅಂಟಿಕೊಳ್ಳುತ್ತದೆ. ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಹೆಕ್ಕಳಿಕೆಯೂ, ಗೀಸರಿನ ಕಾಯಿಲ್ ಮೇಲೆ ಕೂರುವ ಪದರವೂ ಇದೇ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. 600ರ ನೀರು ಕುಡಿಯಲು ನಡೆದೀತು, ಗೀಸರಿಗೆ ಮಾತ್ರ ಅದು ಶತ್ರು. ನೀರು 60 ಡಿಗ್ರಿ ದಾಟಿದ ಮೇಲೆ ಈ ಪದರ ಕಟ್ಟುವ ವೇಗ ಇನ್ನೂ ಹೆಚ್ಚುತ್ತದೆ. ಪದರ ದಪ್ಪವಾದಷ್ಟೂ ಕಾಯಿಲಿನ ಶಾಖ ನೀರಿಗೆ ತಲುಪದೆ ಕಾಯಿಲ್ ತನ್ನೊಳಗೇ ಬೇಯುತ್ತದೆ, ಕೊನೆಗೆ ಸೀಳುತ್ತದೆ. ಸೀಳಿದ ಕಾಯಿಲಿಗೆ ನೀರು ಹೊಕ್ಕಾಗ ಎಂಸಿಬಿಯೋ ಆರ್‌ಸಿಸಿಬಿಯೋ ಬೀಳುತ್ತದೆ. ಅದು ನಿಮ್ಮನ್ನು ಕಾಪಾಡುತ್ತಿದೆ ಎಂದೇ ತಿಳಿಯಿರಿ.

ತುಂಗಭದ್ರಾ ನದಿಯ ನೀರು ಬರುವ ಹೊಸಪೇಟೆ, ಕಂಪ್ಲಿಯ ಮನೆಗಳಲ್ಲಿ ಈ ಸುಣ್ಣದ ಕಾಟ ಕಡಿಮೆ. ಅಲ್ಲಿ ಮಳೆಗಾಲದ ರಾಡಿ ಟ್ಯಾಂಕಿನ ತಳ ಸೇರಿರುತ್ತದೆ. ಸಂಡೂರಿನಲ್ಲಿ ಅದರ ಜೊತೆಗೆ ಇನ್ನೊಂದಿದೆ. ಎರಡೂ ಕಡೆ ಗುಡ್ಡಗಳ ಸಾಲಿರುವ ಈ ಕಣಿವೆಯಲ್ಲಿ ಗಣಿಯ ಅದಿರು ಸಾಗಿಸುವ ಲಾರಿಗಳ ದಾರಿಯುದ್ದಕ್ಕೂ ಮನೆಗಳ ಮಾಳಿಗೆಯ ಮೇಲೆ ಕೆಂಪು ಧೂಳು ಕೂರುತ್ತದೆ. ಮಳೆಗಾಲದಲ್ಲಿ ತೊಳೆದು ಹೋಗುವ ಧೂಳು ಚಳಿಗಾಲದಲ್ಲಿ ಇಬ್ಬನಿಯಲ್ಲಿ ನೆನೆದು ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಕಬ್ಬಿಣದ ಅದಿರು ನೀರಿಗಿಂತ ಸುಮಾರು ಐದು ಪಟ್ಟು ಭಾರ. ಟ್ಯಾಂಕಿಗೆ ಬಿದ್ದರೆ ತಳಕ್ಕಿಳಿಯುತ್ತದೆ. ಟ್ಯಾಂಕ್ ತುಂಬಿರುವ ತನಕ ನಲ್ಲಿಯಲ್ಲಿ ಏನೂ ಕಾಣದು. ನೀರು ತಳ ಮುಟ್ಟಿದ ದಿನ ಕೆಂಪಗಿನ ಕೆಸರು ಒಮ್ಮೆಲೇ ಪೈಪಿಗಿಳಿದು ಗೀಸರಿನ ಬಾಯಿ, ನಲ್ಲಿಯ ಜಾಲರಿ, ಶವರಿನ ತೂತುಗಳನ್ನು ಮುಚ್ಚುತ್ತದೆ.

ಮೂರನೆಯದು ಹಿಗ್ಗು–ಕುಗ್ಗು. ಚಳಿಗಾಲದಲ್ಲಿ ಮುಂಜಾವಿಗೂ ಮಧ್ಯಾಹ್ನಕ್ಕೂ ಇರುವ ಅಂತರ ದೊಡ್ಡದು. ಬಿಸಿಲಿಗೆ ಬಿದ್ದಿರುವ ಪೈಪು ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. 6 ಮೀಟರ್ ಉದ್ದದ ಪಿವಿಸಿ ಪೈಪು 30 ಡಿಗ್ರಿಯ ವ್ಯತ್ಯಾಸಕ್ಕೆ ಒಂದು ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ, ರಾತ್ರಿ ಅಷ್ಟೇ ಕುಗ್ಗುತ್ತದೆ. ಹಿತ್ತಾಳೆಯ ಅಥವಾ ಕಬ್ಬಿಣದ ಜಾಯಿಂಟ್ ಅಷ್ಟು ಹಿಗ್ಗುವುದಿಲ್ಲ. ಹೀಗಾಗಿ ಪ್ಲಾಸ್ಟಿಕ್ ಮತ್ತು ಲೋಹ ಕೂಡುವ ತಿರುಪಿನ ಬಳಿಯೇ ಚಳಿಗಾಲದಲ್ಲಿ ಮೊದಲು ಹನಿ ಕಾಣಿಸುವುದು.

ಒಂದು ಭಾನುವಾರದ ಕೆಲಸ

1. ವಾಲ್ವ್‌ಗಳಿಂದ ಶುರು ಮಾಡಿ. ಟ್ಯಾಂಕಿನಿಂದ ಇಳಿಯುವ ಮುಖ್ಯ ವಾಲ್ವ್, ಪ್ರತಿ ಬಚ್ಚಲಿನ ವಾಲ್ವ್, ಗೀಸರಿನ ಕೆಳಗಿನ ಆಂಗಲ್ ಕಾಕ್, ಎಲ್ಲವನ್ನೂ ಒಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ವರ್ಷಗಟ್ಟಲೆ ಅಲುಗಾಡದ ವಾಲ್ವ್ ಸುಣ್ಣ ಕಟ್ಟಿ ಹಿಡಿದುಕೊಳ್ಳುತ್ತದೆ. ರಾತ್ರಿ ಹನ್ನೊಂದಕ್ಕೆ ಪೈಪು ಒಡೆದಾಗ ಅದು ತಿರುಗದಿದ್ದರೆ ಇಡೀ ಟ್ಯಾಂಕಿನ ನೀರು ನೆಲದ ಪಾಲು. ಹಿಡಿದುಕೊಂಡಿದ್ದರೆ ಬಲವಂತ ಬೇಡ, ಹಿಡಿಕೆ ಮುರಿಯುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ, ಹಿಂದೆಮುಂದೆ ಮೆಲ್ಲನೆ ಆಡಿಸಿ. ಆಗಲೂ ತಿರುಗದಿದ್ದರೆ ಹೊಸದು ಹಾಕಿಸಿ. ಯಾವ ವಾಲ್ವ್ ಯಾವುದಕ್ಕೆ ಎಂದು ಬಣ್ಣದಲ್ಲಿ ಗುರುತು ಮಾಡಿ, ಮನೆಯಲ್ಲಿರುವ ಅತ್ತೆ–ಮಾವನಿಗೂ ದೊಡ್ಡ ಮಕ್ಕಳಿಗೂ ತೋರಿಸಿ.

2. ಟ್ಯಾಂಕ್ ತೊಳೆಯಿರಿ, ಆದರೆ ನೀರು ಉಳಿಸಿಕೊಂಡು. ನಲ್ಲಿ ನೀರು ಬರುವ ಹಿಂದಿನ ದಿನ ಈ ಕೆಲಸ ಇಟ್ಟುಕೊಂಡರೆ ಟ್ಯಾಂಕ್ ತಾನಾಗಿಯೇ ತಳ ಮುಟ್ಟಿರುತ್ತದೆ. ತಳದ ನೀರನ್ನು ಮನೆಯ ಪೈಪಿಗೆ ಬಿಡಬೇಡಿ. ಮನೆಗೆ ಹೋಗುವ ವಾಲ್ವ್ ಮುಚ್ಚಿ, ತಳದ ಡ್ರೈನ್ ಪೈಪಿನ ಮೂಲಕ ಹೊರಗೆ ಬಿಡಿ. ಡ್ರೈನ್ ಇಲ್ಲದಿದ್ದರೆ ಮಗ್ಗಿನಲ್ಲಿ ಎತ್ತಿ ಬಕೆಟ್ಟಿಗೆ ತುಂಬಿ. ಕೆಂಪು ಕೆಸರು ಗಿಡಕ್ಕೆ ಬೇಡ, ಅಂಗಳದ ಮೂಲೆಗೆ ಚೆಲ್ಲಿ. ನಂತರ 10 ಲೀಟರ್ ನೀರಿಗೆ ಎರಡು ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯಿಂದ ಟ್ಯಾಂಕಿನ ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ, ಅರ್ಧ ಗಂಟೆಯ ಮೇಲೆ ತೊಳೆದು ಬಿಡಿ. ಟ್ಯಾಂಕ್ ತುಂಬ ನೀರಿಗೆ ಬ್ಲೀಚಿಂಗ್ ಹಾಕಿ ಸಾವಿರ ಲೀಟರ್ ಚೆಲ್ಲುವುದಕ್ಕಿಂತ ನಮ್ಮ ಊರಿಗೆ ಇದೇ ಸರಿ. ಮುಚ್ಚಳದ ತಿರುಪು ಗಟ್ಟಿಯಾಗಿದೆಯೇ, ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದೆಯೇ ನೋಡಿ. ಅದಿರಿನ ಧೂಳು, ಡೆಂಗಿ ಹರಡುವ ಸೊಳ್ಳೆ, ಎರಡೂ ಬರುವುದು ಆ ಎರಡು ದಾರಿಗಳಿಂದಲೇ.

3. ನಲ್ಲಿ, ಶವರ್ ಬಿಚ್ಚಿ ನೆನೆಸಿ. ನಲ್ಲಿಯ ತುದಿಯ ಜಾಲರಿಯನ್ನು ಕೈಯಿಂದಲೇ ತಿರುಗಿಸಿ ತೆಗೆಯಬಹುದು. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಒಂದು ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಹಾಕಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿದರೆ ಸುಣ್ಣ ಉದುರುತ್ತದೆ. ಹಂಡೆಗೆ ಹುಣಸೆಹಣ್ಣು ಮಾಡುವ ಕೆಲಸವನ್ನೇ ಇಲ್ಲಿ ನಿಂಬೆ ಉಪ್ಪು ಮಾಡುತ್ತದೆ: ಹುಳಿ ಸುಣ್ಣವನ್ನು ಕರಗಿಸುತ್ತದೆ. ಸೂಜಿಯಿಂದ ಚುಚ್ಚಿ ಶವರಿನ ತೂತು ದೊಡ್ಡದು ಮಾಡಬೇಡಿ.

4. ಹನಿಯುವ ನಲ್ಲಿಗಳನ್ನು ಅಳೆಯಿರಿ. ಕೆಳಗೆ ಒಂದು ಲೀಟರಿನ ಬಾಟಲಿ ಇಡಿ. ಎರಡು ಗಂಟೆಯಲ್ಲಿ ತುಂಬಿದರೆ ದಿನಕ್ಕೆ 12 ಲೀಟರ್, ತಿಂಗಳಿಗೆ 360 ಲೀಟರ್ ನಿಮ್ಮ ಕಣ್ಣೆದುರೇ ಹೋಗುತ್ತಿದೆ. ಬಿಸಿನೀರಿನ ನಲ್ಲಿಯಾದರೆ ಜೊತೆಗೆ ವಿದ್ಯುತ್ತೂ ಹೋಗುತ್ತಿದೆ. ಹಳೆಯ ತಿರುಪಿನ ನಲ್ಲಿಗೆ ಹೊಸ ವಾಷರ್ ಸಾಕು. ಅರ್ಧ ತಿರುವಿನಲ್ಲಿ ತೆರೆಯುವ ಹೊಸ ಮಾದರಿಗೆ ಒಳಗಿನ ಸ್ಪಿಂಡಲ್ ಬದಲಿಸಬೇಕು. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಅಳತೆ ನೋಡಲು ಒಂದೇ ತೆರನಾಗಿ ಕಂಡರೂ ಕಂಪನಿಯಿಂದ ಕಂಪನಿಗೆ ಬೇರೆ.

5. ಮಾಳಿಗೆಯ ಜಾಯಿಂಟ್‌ಗಳನ್ನು ಬೆಳಿಗ್ಗೆ ಆರು ಗಂಟೆಗೆ ನೋಡಿ. ಪೈಪು ಕುಗ್ಗಿರುವ ಆ ಹೊತ್ತಿನಲ್ಲಿ ಕಾಣುವ ಹನಿ, ಮಧ್ಯಾಹ್ನ ಪೈಪು ಹಿಗ್ಗಿದಾಗ ಕಾಣದೇ ಹೋಗಬಹುದು. ಜಾಯಿಂಟ್ ಸುತ್ತ ಬಿಳಿ ಉಪ್ಪಿನ ಉಂಗುರ ಇದ್ದರೆ ಅಲ್ಲಿ ನೀರು ಜಿನುಗುತ್ತಿದೆ ಎಂದೇ ಅರ್ಥ. ಬಿಚ್ಚಿ, ಹಳೆಯ ದಾರ ತೆಗೆದು, ಟೆಫ್ಲಾನ್ ಟೇಪನ್ನು ತಿರುಪಿನ ದಿಕ್ಕಿನಲ್ಲೇ ಹತ್ತು ಹನ್ನೆರಡು ಸುತ್ತು ಸುತ್ತಿ ಮತ್ತೆ ಕೂಡಿಸಿ. ಮೇಲಿನಿಂದ ಎಂ‌–ಸೀಲ್ ಮೆತ್ತುವುದು ಒಂದೆರಡು ವಾರದ ಮದ್ದು.

6. ಮೋರಿ ಕಟ್ಟುವ ಮೊದಲೇ ಬಿಡಿಸಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ವನಸ್ಪತಿ, ತುಪ್ಪದ ಜಿಡ್ಡೂ ಹಾಗೆಯೇ. ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವ ಬದಲು ಬಿಳಿ ಗಸಿಯಾಗುತ್ತದೆ. ಎಣ್ಣೆ ಸ್ನಾನದ ಜಿಡ್ಡು, ಈ ಗಸಿ, ಉದುರಿದ ಕೂದಲು ಮೂರೂ ಕೂಡಿದರೆ ಬಚ್ಚಲಿನ ಜಾಲಿಯ ಕೆಳಗೆ ಗಟ್ಟಿ ಬೆಣೆ. ವಾರಕ್ಕೊಮ್ಮೆ ಜಾಲಿ ಎತ್ತಿ ಕೂದಲು ತೆಗೆಯಿರಿ, ಬಟ್ಟೆ ಸೋಪಿನ ಪುಡಿ ಹಾಕಿ ಒಂದು ಬಕೆಟ್ ಬಿಸಿನೀರು ಸುರಿಯಿರಿ. ಕೈಗೆ ಸುಡುವಷ್ಟು ಸಾಕು. ಕುದಿಯುವ ನೀರು ಪಿವಿಸಿ ಪೈಪನ್ನು ಮೆತ್ತಗೆ ಮಾಡಿ ಜಾಯಿಂಟ್ ಸಡಿಲಿಸುತ್ತದೆ. ಹಬ್ಬದಲ್ಲಿ ಕರಿದ ಬಾಣಲೆಯನ್ನು ಮೊದಲು ಹಳೆಯ ಪೇಪರಿನಿಂದ ಒರೆಸಿ, ಆಮೇಲೆ ಸಿಂಕಿಗೆ ಹಾಕಿ. ಯಾರೂ ಬಳಸದ ಬಚ್ಚಲು ಇದ್ದರೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಬಿಡಿ. ಚಳಿಗಾಲದ ಒಣ ಗಾಳಿಗೆ ಟ್ರ್ಯಾಪಿನಲ್ಲಿ ನಿಂತ ನೀರು ಆರಿಹೋದರೆ ಆ ದಾರಿಯಿಂದಲೇ ವಾಸನೆ, ಜಿರಲೆ ಮೇಲೆ ಬರುವುದು.

ಗೀಸರ್: ಎಲ್ಲಕ್ಕಿಂತ ಹೆಚ್ಚು ಗಮನ ಇಲ್ಲಿರಲಿ

ಏಳೆಂಟು ತಿಂಗಳು ಮುಟ್ಟದೆ ಬಿಟ್ಟ ಗೀಸರನ್ನು ನೇರವಾಗಿ ಆನ್ ಮಾಡಬೇಡಿ. ಮೊದಲು ಬಿಸಿನೀರಿನ ನಲ್ಲಿ ತೆರೆಯಿರಿ. ನೀರು ಗಾಳಿಯಿಲ್ಲದೆ, ತಡೆಯಿಲ್ಲದೆ ಒಂದು ನಿಮಿಷ ಹರಿದರೆ ಒಳಗೆ ಟ್ಯಾಂಕ್ ತುಂಬಿದೆ ಎಂದು ಅರ್ಥ. ಆಮೇಲೆ ಸ್ವಿಚ್ ಹಾಕಿ. ಮೇಲಿನ ಟ್ಯಾಂಕ್ ಬರಿದಾದಾಗ, ನಾನ್ ರಿಟರ್ನ್ ವಾಲ್ವ್ ಕೆಟ್ಟಿದ್ದರೆ ಗೀಸರಿನ ನೀರೂ ಹಿಂದಕ್ಕೆ ಹೋಗಿರುತ್ತದೆ. ಬರಿದಾದ ಗೀಸರಿನಲ್ಲಿ ಕಾಯಿಲ್ ನಿಮಿಷಗಳಲ್ಲಿ ಸುಡುತ್ತದೆ. ನೀರು ದಿನ ಬಿಟ್ಟು ದಿನ ಬರುವ ಮನೆಗಳಲ್ಲಿ ಗೀಸರ್ ಕೆಡುವುದಕ್ಕೆ ಇದೇ ದೊಡ್ಡ ಕಾರಣ ಎಂಬುದು ನನ್ನ ಅನಿಸಿಕೆ.

ಬಿಸಿನೀರಿನ ಒತ್ತಡ ಕಡಿಮೆಯಾದಾಗ ಪ್ಲಂಬರ್ ಕರೆಯುವ ಮೊದಲು ಹೀಗೆ ಹುಡುಕಿ. ಒಂದೇ ನಲ್ಲಿಯಲ್ಲಿ ಬಿಸಿ–ತಣ್ಣೀರು ಎರಡೂ ಕಡಿಮೆಯಿದ್ದರೆ ದೋಷ ಆ ನಲ್ಲಿಯ ಜಾಲರಿಯದು. ತಣ್ಣೀರು ಸರಿಯಾಗಿದ್ದು ಬಿಸಿನೀರು ಮಾತ್ರ ಎಲ್ಲ ನಲ್ಲಿಗಳಲ್ಲೂ ಕಡಿಮೆಯಿದ್ದರೆ ಗೀಸರಿನ ಒಳಬರುವ ಪೈಪಿನಲ್ಲೋ ಹೊರಹೋಗುವ ಬಾಯಲ್ಲೋ ಸುಣ್ಣ, ಕೆಸರು ಕಟ್ಟಿದೆ. ಮನೆಯ ಎಲ್ಲ ಕಡೆ ಎರಡೂ ಕಡಿಮೆಯಿದ್ದರೆ ಮಾಳಿಗೆ ಹತ್ತಿ. ಟ್ಯಾಂಕಿನ ಹೊರಬಾಯಿ, ಮುಖ್ಯ ವಾಲ್ವ್, ಇಲ್ಲವೇ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಕಾರಣ. ಟ್ಯಾಂಕ್ ಬರಿದಾಗಿ ತುಂಬಿದ ಮೇಲೆ ಗಾಳಿ ಸಿಕ್ಕಿದ್ದರೆ ಎಲ್ಲಕ್ಕಿಂತ ಕೆಳಗಿನ ನಲ್ಲಿಯಿಂದ ಶುರುಮಾಡಿ ಒಂದೊಂದಾಗಿ ಎಲ್ಲ ನಲ್ಲಿ ತೆರೆಯುತ್ತ ಬಂದರೆ ಬುಸುಗುಟ್ಟಿ ಹೊರಬರುತ್ತದೆ. ಈ ಮೂರು ಪರೀಕ್ಷೆಗೆ ಹತ್ತು ನಿಮಿಷ ಸಾಕು. ಫಲಿತಾಂಶವನ್ನು ಫೋನಿನಲ್ಲೇ ಹೇಳಿದರೆ ಪ್ಲಂಬರ್ ಸರಿಯಾದ ಸಾಮಾನು ಹಿಡಿದೇ ಬರುತ್ತಾರೆ.

ಉಷ್ಣತೆಯ ಗುಂಡಿಯನ್ನು 50ರಿಂದ 55 ಡಿಗ್ರಿಯಲ್ಲಿಡಿ. ಸ್ನಾನಕ್ಕೆ ಬೇಕಾದ್ದು 40ರ ಆಸುಪಾಸು. 75ಕ್ಕೆ ಕಾಯಿಸಿ ತಣ್ಣೀರು ಬೆರೆಸುವುದರಿಂದ ಸುಣ್ಣ ಬೇಗ ಕಟ್ಟುತ್ತದೆ, ಮಕ್ಕಳಿಗೆ ಸುಟ್ಟುಕೊಳ್ಳುವ ಅಪಾಯವೂ ಇದೆ. ಲೆಕ್ಕ ಹೀಗಿದೆ: 15 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. 2 ಕಿಲೋವ್ಯಾಟಿನ ಗೀಸರಿಗೆ ಅದು ಹದಿನೈದು ಹದಿನಾರು ನಿಮಿಷದ ಕೆಲಸ. ನಿಮ್ಮ ಗೀಸರ್ ಅದಕ್ಕೆ ಅರ್ಧ ಗಂಟೆ ತೆಗೆದುಕೊಂಡರೆ ಕಾಯಿಲ್ ಮೇಲೆ ಸುಣ್ಣ ದಪ್ಪಗಾಗಿರಬಹುದು, ಕೆಟಲ್ ಸದ್ದಿನಂತೆ ಗುಂಯ್‌ಗುಡುವ ಸದ್ದೂ ಬಂದರೆ ಅದು ಖಚಿತ. ಬೋರಿನ ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ. ಆಗ ಒಳಗಿನ ಮೆಗ್ನೀಸಿಯಂ ಸರಳನ್ನು ತೆಗೆಸಿ ನೋಡಿ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ಈ ಸರಳು ತಾನೇ ಸವೆಯುತ್ತದೆ. ಅದು ಪೂರ್ತಿ ಸವೆದ ಮೇಲೆ ತುಕ್ಕಿನ ಸರದಿ ಟ್ಯಾಂಕಿನದು. ಸರ್ವೀಸಿಗೆ ಬಂದವರು ಅದನ್ನು ಹೊರಗೆ ತೆಗೆದು ತೋರಿಸಲಿ ಎಂದು ಕೇಳುವುದು ನಿಮ್ಮ ಹಕ್ಕು.

ಇನ್ನು ಸೇಫ್ಟಿ ವಾಲ್ವ್. ಗೀಸರಿನ ಕೆಳಗಿನ ಈ ಚಿಕ್ಕ ವಾಲ್ವ್ ನೀರು ಕಾಯುವಾಗ ಒಂದಿಷ್ಟು ಹನಿಸಿದರೆ ಗಾಬರಿಯಾಗಬೇಡಿ. 15 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾದಾಗ ಕಾಲು ಲೀಟರಿಗೆ ಹತ್ತಿರದಷ್ಟು ಹಿಗ್ಗುತ್ತದೆ. ಹಿಂದೆ ಹೋಗಲು ದಾರಿಯಿಲ್ಲದಿದ್ದರೆ ಆ ನೀರು ಹೊರಬರುವುದು ಅಲ್ಲಿಂದಲೇ. ಹನಿಯುತ್ತದೆ ಎಂದು ಅದಕ್ಕೆ ಬಿರಡೆ ಹಾಕಿಸುವವರಿದ್ದಾರೆ. ಇದು ಪ್ರಾಣಕ್ಕೇ ಅಪಾಯ. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯತೊಡಗಿದರೆ ಒತ್ತಡ ಹೋಗಲು ಉಳಿಯುವ ದಾರಿ ಅದೊಂದೇ. ತಣ್ಣಗಿರುವಾಗಲೂ ಸತತ ಹನಿದರೆ ಮಾತ್ರ ವಾಲ್ವ್ ಬದಲಿಸಿ.

ಸೋಲಾರ್ ಇರುವವರಿಗೆ

ಚಳಿಗಾಲದ ನಿರ್ಮಲ ಆಕಾಶದಲ್ಲಿ ಸೋಲಾರ್ ಚೆನ್ನಾಗಿ ಕೆಲಸ ಮಾಡಬೇಕು. ಮಾಡದಿದ್ದರೆ ಮೊದಲ ಅನುಮಾನ ಧೂಳಿನ ಮೇಲೆ. ಗಾಜಿನ ಕೊಳವೆ ಅಥವಾ ಫಲಕದ ಮೇಲಿನ ಕೆಂಪು ಪದರವನ್ನು ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಸೂರ್ಯ ಹುಟ್ಟುವ ಮೊದಲು ಇಲ್ಲವೇ ಮುಳುಗಿ ತಣ್ಣಗಾದ ಮೇಲೆ. ಕಾದ ಗಾಜಿಗೆ ತಣ್ಣೀರು ಎರಚಬಾರದು. ನೆರೆಯಲ್ಲಿ ಹೊಸ ಮಹಡಿ ಎದ್ದಿದ್ದರೆ ನೆರಳನ್ನೂ ಗಮನಿಸಿ. ಈ ದಿನಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುವುದರಿಂದ ಬೇಸಿಗೆಯಲ್ಲಿ ಬೀಳದ ನೆರಳು ಈಗ ಬೀಳುತ್ತದೆ.

ಕೊಳವೆಗಳು ಒಡೆಯುವುದಕ್ಕೆ ಕಾರಣ ಚಳಿ ಅಲ್ಲ. ನೀರು ಬಾರದೆ ಟ್ಯಾಂಕ್ ಬರಿದಾಗಿ, ಒಣಗಿದ ಕೊಳವೆ ಬಿಸಿಲಿನಲ್ಲಿ 150 ಡಿಗ್ರಿಗೂ ಮೀರಿ ಕಾಯುತ್ತದೆ. ಮಧ್ಯಾಹ್ನ ಮೋಟಾರ್ ಹಾಕಿದಾಗ ತಣ್ಣೀರು ಒಮ್ಮೆಲೇ ಒಳನುಗ್ಗುತ್ತದೆ, ಗಾಜು ಸೀಳುತ್ತದೆ. ಸೋಲಾರ್ ಟ್ಯಾಂಕ್ ಬರಿದಾಗಿದೆ ಎಂದು ಗೊತ್ತಾದರೆ ಅದಕ್ಕೆ ಹೋಗುವ ವಾಲ್ವ್ ಮುಚ್ಚಿ, ಮರುದಿನ ಬೆಳಗಿನ ಜಾವ ತುಂಬಿ. ಮುಚ್ಚಿದ ಆ ವಾಲ್ವ್ ಮೇಲೆ ಬಟ್ಟೆ ಕಟ್ಟಿ ಮನೆಯವರಿಗೆಲ್ಲ ಹೇಳಿಡಿ. ಟ್ಯಾಂಕಿನ ಮೇಲೆ ನೆಟ್ಟಗೆ ನಿಂತಿರುವ ಗಾಳಿ ಪೈಪಿನ ಬಾಯಿ ಮುಚ್ಚಿಲ್ಲವೇ ಎಂಬುದನ್ನೂ ನೋಡಿ. ಹಕ್ಕಿ ಗೂಡು ಕಟ್ಟಿದರೂ ಟ್ಯಾಂಕ್ ಉಬ್ಬುತ್ತದೆ, ಇಲ್ಲವೇ ಒಳಕ್ಕೆ ಕುಸಿಯುತ್ತದೆ.

ಮುಕ್ಕಾಲು ಇಂಚಿನ 15 ಮೀಟರ್ ಪೈಪಿನಲ್ಲಿ ಸುಮಾರು ನಾಲ್ಕೂವರೆ ಲೀಟರ್ ನೀರು ನಿಂತಿರುತ್ತದೆ. ಬೆಳಿಗ್ಗೆ ಅಷ್ಟೂ ತಣ್ಣೀರು ಹೋದ ಮೇಲೆಯೇ ಬಿಸಿನೀರು ಬರುವುದು. ಅದನ್ನು ಬಕೆಟ್ಟಿನಲ್ಲಿ ಹಿಡಿಯಿರಿ. ಬಿಸಿನೀರಿನ ಪೈಪಿಗೆ ಕಪ್ಪು ಫೋಮ್ ತೊಡಿಸಿ, ಅದರ ಮೇಲೆ ಬಿಸಿಲು ತಡೆಯುವ ಟೇಪ್ ಸುತ್ತಿಸಿದರೆ ಮನೆಮಂದಿ ಒಬ್ಬರ ಹಿಂದೊಬ್ಬರು ಸ್ನಾನ ಮಾಡುವಾಗ ಪೈಪಿನ ಶಾಖ ಉಳಿಯುತ್ತದೆ. ಟೇಪ್ ಇಲ್ಲದ ಫೋಮ್ ನಮ್ಮ ಬಿಸಿಲಿಗೆ ಎರಡು ವರ್ಷದಲ್ಲಿ ಪುಡಿಪುಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬಿಸಿನೀರಿಗೆ ಮಾಮೂಲಿ ಬಿಳಿ ಯುಪಿವಿಸಿ ಪೈಪು ಹಾಕಿಸುವುದು. ಅದು 60 ಡಿಗ್ರಿ ಸಮೀಪಿಸಿದಾಗಲೇ ಬಲ ಕಳೆದುಕೊಂಡು ಬಾಗುತ್ತದೆ. ಬಿಸಿನೀರಿಗೆ ಇರುವುದು ತಿಳಿ ಹಳದಿ ಬಣ್ಣದ ಸಿಪಿವಿಸಿ. ಅದರ ಅಂಟು ಬೇರೆ, ಒಂದರ ಅಂಟು ಇನ್ನೊಂದಕ್ಕೆ ಹಿಡಿಯದು. ಅಂಟಿಸಿದ ಮೇಲೆ ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಕಾಯದೆ ನೀರು ಬಿಡಬೇಡಿ. ಚಳಿಯಲ್ಲಿ ಅಂಟು ಒಣಗಲು ಬೇಸಿಗೆಗಿಂತ ಹೆಚ್ಚು ಸಮಯ ಬೇಕು.

ಗೀಸರನ್ನು ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೋ ಎಕ್ಸ್‌ಟೆನ್ಷನ್ ಬೋರ್ಡಿಗೋ ಸಿಕ್ಕಿಸುವುದು. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 6 ಆಂಪಿಯರ್ ಸಾಕೆಟ್ ಕರಗುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್, ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು.

ಎಂಸಿಬಿ ಬಿದ್ದಾಗಲೆಲ್ಲ ಎತ್ತಿ ಎತ್ತಿ ಹಾಕುವುದು, ಇಲ್ಲವೇ ದೊಡ್ಡ ಎಂಸಿಬಿ ಹಾಕಿಸುವುದು. ಎರಡನೆಯ ಸಲ ಬಿತ್ತೆಂದರೆ ಗೀಸರಿನ ಪ್ಲಗ್ ತೆಗೆದಿಟ್ಟು ಮೆಕ್ಯಾನಿಕ್ ಕರೆಸಿ.

ಸುಣ್ಣ ಬಿಡಿಸಲು ಬಚ್ಚಲು ತೊಳೆಯುವ ಆಸಿಡ್ ಸುರಿಯುವುದು. ಹಿತ್ತಾಳೆಯ ನಲ್ಲಿಯ ಹೊಳಪು ಹೋಗಿ ಲೋಹವೇ ಸವೆಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಎದೆ ಸುಡುತ್ತದೆ. ಒಂದು ಹಾಕಿದ ದಿನ ಇನ್ನೊಂದನ್ನು ಮುಟ್ಟಬೇಡಿ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಇಡಬೇಡಿ. ಚಳಿಯೆಂದು ಕಿಟಕಿ, ಬಾಗಿಲು ಮುಚ್ಚಿದಾಗ ಉರಿಯುವ ಗ್ಯಾಸಿಗೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಹೊರಗೆ ಗಾಳಿಗೆ ಬನ್ನಿ. ಒಳಗೆ ಒಬ್ಬರು ಕುಸಿದಿದ್ದರೆ ಮೊದಲು ಬಾಗಿಲು ತೆರೆದು ಗ್ಯಾಸ್ ಆರಿಸಿ, ಹೊರಗೆಳೆದು ತನ್ನಿ. ಗೀಸರಿನ ಪೆಟ್ಟಿಗೆ ಹೊರಗಿನ ಗಾಳಿಯಾಡುವ ಜಾಗದಲ್ಲಿರಬೇಕು, ಒಳಗೆ ಬರುವುದು ನೀರಿನ ಪೈಪು ಮಾತ್ರ.

ನೀರು ಕಾಯಿಸುವ ರಾಡ್ ಬಳಸುವವರು ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಆಮೇಲೆ ನೀರು ಮುಟ್ಟಿ. ಕಬ್ಬಿಣದ ಬಕೆಟ್ ಬೇಡ. ಮಕ್ಕಳಿರುವ ಮನೆಯಲ್ಲಿ ರಾಡ್ ಹಾಕಿದ ಬಕೆಟನ್ನು ಬಿಟ್ಟು ಹೋಗಬಾರದು. ಗೀಸರ್ ಬಳಸುವಾಗಲೂ ಬಕೆಟ್ ತುಂಬಿಕೊಂಡು ಸ್ವಿಚ್ ಆರಿಸಿ ಸ್ನಾನಕ್ಕೆ ಇಳಿಯುವ ಅಭ್ಯಾಸ ಒಳ್ಳೆಯದು.

ಸೌದೆ ಉರಿಸುವ ತಾಮ್ರದ ಬಾಯ್ಲರ್ ಇನ್ನೂ ಇರುವ ಮನೆಗಳಲ್ಲಿ ನೀರು ತುಂಬಿ ಹೊರಬಂದ ಮೇಲೆಯೇ ಬೆಂಕಿ ಹಾಕಿ. ಅದರ ಹೊರದಾರಿಗೆ ಎಂದಿಗೂ ನಲ್ಲಿ ಕೂಡಿಸಿ ಮುಚ್ಚಬೇಡಿ, ಹಬೆ ಹೋಗಲು ದಾರಿ ಇರಲೇಬೇಕು.

ಸಂಪು ತೊಳೆಯಲು ಒಳಗಿಳಿಯುವ ಮುನ್ನ ಮುಚ್ಚಳ ತೆರೆದು ಗಂಟೆಗಟ್ಟಲೆ ಗಾಳಿಯಾಡಲು ಬಿಡಿ, ಫ್ಯಾನ್ ಇದ್ದರೆ ಬಾಯಿಗೆ ಹಿಡಿಯಿರಿ. ಮುಚ್ಚಿದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ, ಕೊಳೆತ ಕೆಸರಿದ್ದರೆ ವಿಷಾನಿಲವೂ ಇರುತ್ತದೆ. ಇಳಿದವರ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಲ್ಲಬೇಕು. ಒಳಗಿನವರು ಬಿದ್ದರೆ ಇನ್ನೊಬ್ಬರು ಹಿಂದೆಯೇ ಇಳಿಯಬಾರದು, ಹೀಗೆ ಇಳಿದವರೇ ಸಾಯುವುದು ಹೆಚ್ಚು. ಹಗ್ಗದಿಂದ ಎಳೆಯಿರಿ, 112ಕ್ಕೆ ಕರೆ ಮಾಡಿ. ಒಳಗೆ ನೀರಿರುವಾಗ ಮೋಟಾರಿನ ವಿದ್ಯುತ್ತನ್ನು ಮೇನ್‌ನಲ್ಲೇ ಕಡಿಯಿರಿ.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಸಾಮಾನು ದೊಡ್ಡದೇನಲ್ಲ: ಅಗಲಿಸುವ ಸ್ಪ್ಯಾನರ್ ಒಂದು, ಟೆಫ್ಲಾನ್ ಟೇಪ್ ಎರಡು ಸುರುಳಿ, ಅರ್ಧ ಇಂಚಿನ ವಾಷರ್ ನಾಲ್ಕು, ಅರ್ಧ ಮತ್ತು ಮುಕ್ಕಾಲು ಇಂಚಿನ ಬಿರಡೆ ಒಂದೊಂದು, ಹಳೆಯ ಸೈಕಲ್ ಟ್ಯೂಬಿನ ಒಂದು ಮಾರು ಪಟ್ಟಿ, ಎರಡು ಹೋಸ್ ಕ್ಲಿಪ್. ಪೈಪು ಸೀಳಿದರೆ ವಾಲ್ವ್ ಮುಚ್ಚಿ, ಸೀಳಿನ ಮೇಲೆ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಬಿಗಿಯಾಗಿ ಸುತ್ತಿ, ಎರಡೂ ತುದಿಗೆ ಕ್ಲಿಪ್ ಹಾಕಿ ತಿರುಪಿ. ವಾಲ್ವನ್ನು ಕಾಲುಭಾಗ ಮಾತ್ರ ತೆರೆದರೆ ಪ್ಲಂಬರ್ ಬರುವವರೆಗೆ ಒಂದೆರಡು ದಿನ ಅಡುಗೆ ಮನೆಗೆ ನೀರು ಸಿಗುತ್ತದೆ. ಬಿಸಿನೀರಿನ ಪೈಪಿಗೆ ಈ ಕಟ್ಟು ಹಾಕಿದ್ದರೆ ಅಲ್ಲಿಯವರೆಗೆ ಗೀಸರ್ ಹಾಕಬೇಡಿ.